ಕ್ರಿಸ್ಮಸ್ ಟ್ರೀ ನೆಡೋ ಮುಂಚೆ ಒಂದ್ಸಲ ಮೇಲೆ ನೋಡಿ: ಅರೋಕೇರಿಯಾ ಬೆಳೆಸೋರಿಗೆ ಪೂರ್ತಿ ಮಾಹಿತಿ

ಚಿಕ್ಕಮಗಳೂರು: ಡಿಸೆಂಬರ್ ಬಂತು ಅಂದ್ರೆ ನರ್ಸರಿಗಳ ಮುಂದೆ ಈ ಗಿಡಗಳು ಸಾಲಾಗಿ ಬಂದು ನಿಲ್ಲುತ್ತವೆ. ಎರಡಡಿ ಎತ್ತರ, ಅಂತಸ್ತು ಅಂತಸ್ತಾಗಿ ಹರಡಿದ ರೆಂಬೆಗಳು, ಮುಟ್ಟಿದರೆ ಮೆತ್ತಗಿರೋ ಹಸಿರು ಸೂಜಿ ಎಲೆ. ಎಲ್ಲರ ಬಾಯಲ್ಲೂ ಇದರ ಹೆಸರು ಕ್ರಿಸ್ಮಸ್ ಟ್ರೀ. ಹಬ್ಬ ಮಾಡೋರಷ್ಟೇ ಅಲ್ಲ, ಹೊಸ ಮನೆ ಕಟ್ಟಿದವರು, ಗೃಹಪ್ರವೇಶಕ್ಕೆ ಉಡುಗೊರೆ ಕೊಡೋರು, ಹೋಂಸ್ಟೇ ನಡೆಸೋರು ಎಲ್ಲರೂ ಒಯ್ಯುತ್ತಾರೆ. ಒಯ್ದು ಗೇಟಿನ ಪಕ್ಕ, ಕಾಂಪೌಂಡಿಗೆ ಅಂಟಿಕೊಂಡ ಹಾಗೆ ನೆಡುತ್ತಾರೆ. ತೊಂದರೆ ಶುರುವಾಗೋದು ಅಲ್ಲಿಂದಲೇ.

ಯಾಕಂದ್ರೆ ಆ ಎರಡಡಿ ಗಿಡ ಮುಂದೆ ಅರವತ್ತು ಎಪ್ಪತ್ತಡಿ ಮರ ಆಗುತ್ತೆ. ನೆಲಕ್ಕೆ ಬೇರು ಹಿಡಿದ ಮೇಲೆ ಒಳ್ಳೆ ಜಾಗದಲ್ಲಿ ವರ್ಷಕ್ಕೆ ಎರಡು ಮೂರಡಿ ಏರುತ್ತೆ. ಇದನ್ನ ಸಾಕೋದು ಕಷ್ಟ ಅಲ್ಲ, ಸರಿಯಾದ ಜಾಗ ಆರಿಸೋದು ಕಷ್ಟ. ಮಿಕ್ಕ ಗಿಡಗಳಲ್ಲಿ ತಪ್ಪಾದರೆ ಕತ್ತರಿಸಿ ಸರಿ ಮಾಡಬಹುದು, ಇದರಲ್ಲಿ ಆಗಲ್ಲ. ಅದಕ್ಕೇ ಈ ಬರಹದಲ್ಲಿ ಗೊಬ್ಬರ, ನೀರಿಗಿಂತ ಮೊದಲು ಜಾಗದ ಮಾತು ಬರುತ್ತೆ.

ಇದು ನಿಜವಾದ ಪೈನ್ ಮರವೇ?

ಅಲ್ಲ. ಊಟಿಗೆ ಟ್ರಿಪ್ ಹೋದಾಗ ಪೈನ್ ಫಾರೆಸ್ಟ್‌ನಲ್ಲಿ ಫೋಟೋ ತೆಗೆಸಿಕೊಂಡಿರ್ತೀರಲ್ಲ, ಆ ಜಾತಿ ಬೇರೆ. ನಿಜವಾದ ಪೈನ್‌ನಲ್ಲಿ ಉದ್ದುದ್ದ ಸೂಜಿ ಎಲೆಗಳು ಎರಡೋ ಮೂರೋ ಐದೋ ಒಟ್ಟಿಗೆ ಸೇರಿ ಒಂದು ಕಟ್ಟಾಗಿ ಬರುತ್ತವೆ. ಹಿಮಾಲಯದ ಚೀರ್ ಪೈನ್‌ನಲ್ಲಿ ಒಂದೊಂದು ಕಟ್ಟಿಗೆ ಮೂರು ಸೂಜಿ. ನಮ್ಮ ಮನೆ ಮುಂದಿನ ಗಿಡದಲ್ಲಿ ಆ ಥರ ಕಟ್ಟು ಇರಲ್ಲ. ಸಣ್ಣ ಸಣ್ಣ ಎಲೆಗಳು ಕಡ್ಡಿಯ ಸುತ್ತ ಹಗ್ಗ ಹೊಸೆದ ಹಾಗೆ ಕೂತಿರುತ್ತವೆ.

ನಮ್ಮ ಗಿಡದ ಹೆಸರು ಅರೋಕೇರಿಯಾ. ಊರು ಆಸ್ಟ್ರೇಲಿಯಾದ ಪೂರ್ವಕ್ಕಿರುವ ಪೆಸಿಫಿಕ್ ಸಾಗರದ ದ್ವೀಪಗಳು. ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸೋ ಸಿಲ್ವರ್ ಓಕ್ ಕೂಡ ಆಸ್ಟ್ರೇಲಿಯಾದಿಂದ ಬಂದಿದ್ದೇ, ಅದು ನಮ್ಮ ಜಿಲ್ಲೆಯವರಿಗೆ ಗೊತ್ತು. ಅರೋಕೇರಿಯಾ ಅದರ ನೆರೆಹೊರೆ ಅಂದುಕೊಳ್ಳಿ. ಹಿಮ ಬೀಳೋ ದೇಶದ ಗಿಡ ಅಲ್ಲ ಇದು, ಬೆಚ್ಚಗಿನ ದ್ವೀಪದ ಗಿಡ. ಅದಕ್ಕೇ ನಿಜವಾದ ಕ್ರಿಸ್ಮಸ್ ಮರಗಳಾದ ಫರ್, ಸ್ಪ್ರೂಸ್ ನಮ್ಮ ಬಿಸಿಲಿಗೆ ಬಾಡಿದರೂ ಇದು ಬದುಕುತ್ತೆ.

ನಾರ್ಫೋಕ್ ಯಾವುದು, ಕುಕ್ ಯಾವುದು?

ನರ್ಸರಿಯಲ್ಲಿ ಒಂದೇ ಹೆಸರಿನಲ್ಲಿ ಎರಡು ಜಾತಿ ಮಾರಾಟ ಆಗುತ್ತವೆ. ಒಂದು ನಾರ್ಫೋಕ್ ಐಲ್ಯಾಂಡ್ ಪೈನ್, ಇನ್ನೊಂದು ನ್ಯೂ ಕ್ಯಾಲಡೋನಿಯಾದ ಕುಕ್ ಪೈನ್. ನಾರ್ಫೋಕ್ ಅಂತ ಹೇಳಿ ಕೊಡೋ ಗಿಡ ಬೆಳೆದ ಮೇಲೆ ಕುಕ್ ಆಗಿರೋದು ಮಾಮೂಲಿ. ಈ ಗೊಂದಲ ನಮ್ಮಲ್ಲಿ ಮಾತ್ರ ಅಲ್ಲ, ಹವಾಯಿಯಲ್ಲೂ ಇದೆ.

1774ರಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ ಹಡಗು ಈ ಎರಡೂ ಕಡೆ ಹೋಗಿತ್ತು. ನ್ಯೂ ಕ್ಯಾಲಡೋನಿಯಾ ಹತ್ತಿರ ದೂರದಿಂದ ಕಂಡಿದ್ದು ಮರಗಳೋ ಕಲ್ಲಿನ ಕಂಬಗಳೋ ಅಂತ ಹಡಗಿನಲ್ಲೇ ಚರ್ಚೆ ಆಗಿತ್ತಂತೆ. ಅಷ್ಟು ತೆಳ್ಳಗೆ, ಅಷ್ಟು ಎತ್ತರ. ನಾರ್ಫೋಕ್ ದ್ವೀಪದ ನೇರ ಕಾಂಡ ನೋಡಿ ಹಡಗಿನ ಪಟಸ್ತಂಭಕ್ಕೆ ಚೆನ್ನಾಗಿದೆ ಅಂತ ಲೆಕ್ಕ ಹಾಕಿದರು. ಆಮೇಲೆ ನೋಡಿದರೆ ಆ ಕೆಲಸಕ್ಕೆ ಮರ ಗಟ್ಟಿ ಸಾಲಲಿಲ್ಲ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ. ನಾರ್ಫೋಕ್ ದ್ವೀಪದ ಬಾವುಟದ ಮೇಲೆ ಇವತ್ತಿಗೂ ಈ ಮರದ ಚಿತ್ರ ಇದೆ.

ಎಳೇ ಗಿಡದಲ್ಲಿ ಇವೆರಡನ್ನ ಬೇರೆ ಮಾಡೋದು ಕಷ್ಟ. ಬೆಳೆದ ಮೇಲೆ ಸುಲಭ. ನಾರ್ಫೋಕ್ ಮರ ನೆಟ್ಟಗೆ, ತ್ರಿಕೋನ ಆಕಾರದಲ್ಲಿ, ರೆಂಬೆಗಳ ಅಂತಸ್ತಿನ ಮಧ್ಯೆ ಜಾಗ ಬಿಟ್ಟು ಅಗಲವಾಗಿ ಬೆಳೆಯುತ್ತೆ. ಕುಕ್ ಮರ ಕಂಬದ ಹಾಗೆ ಸಪೂರ, ರೆಂಬೆ ಚಿಕ್ಕವು, ತೊಗಟೆ ಕಾಗದದ ಹಾಗೆ ತೆಳ್ಳಗೆ ಸುಲಿದು ಬರುತ್ತೆ. ಮತ್ತೆ ಅದು ವಾಲುತ್ತೆ.

ವಾಲೋದು ಗಾಳಿಗಲ್ಲ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿಜ್ಞಾನಿಗಳು ಐದು ಖಂಡಗಳ 256 ಕುಕ್ ಮರಗಳನ್ನ ಅಳೆದು ನೋಡಿದರು. ಸರಾಸರಿ ವಾಲು 8.55 ಡಿಗ್ರಿ. ಭೂಮಧ್ಯರೇಖೆಯ ಉತ್ತರಕ್ಕಿರೋ ಮರಗಳು ದಕ್ಷಿಣಕ್ಕೆ, ದಕ್ಷಿಣಕ್ಕಿರೋ ಮರಗಳು ಉತ್ತರಕ್ಕೆ ವಾಲಿದ್ದವು. ರೇಖೆಯಿಂದ ದೂರ ಹೋದಷ್ಟೂ ವಾಲು ಜಾಸ್ತಿ. ನಾವು ಉತ್ತರಕ್ಕಿದ್ದೀವಿ, ಆದರೆ ತೀರಾ ದೂರ ಇಲ್ಲ. ಹಾಗಾಗಿ ನಮ್ಮಲ್ಲಿ ವಾಲು ಸ್ವಲ್ಪ ಕಡಿಮೆ ಇರಬಹುದು, ದಿಕ್ಕು ಮಾತ್ರ ದಕ್ಷಿಣ. ಅರವತ್ತಡಿ ಮರ ಆ ಸರಾಸರಿಯಷ್ಟೇ ವಾಲಿತು ಅಂದ್ರೆ ತುದಿ ಬುಡದಿಂದ ಸುಮಾರು ಒಂಬತ್ತಡಿ ಆಚೆ ಇರುತ್ತೆ. ನಿಮ್ಮ ಗಿಡದ ದಕ್ಷಿಣಕ್ಕೆ ಯಾರ ಮನೆ ಇದೆ, ಯಾವ ತಂತಿ ಇದೆ ಅಂತ ಈಗಲೇ ನೋಡಿಕೊಳ್ಳಿ.

ನಮ್ಮನೇಲಿ ಆಗಿದ್ದು

ಇದನ್ನೆಲ್ಲ ಪುಸ್ತಕ ಓದಿ ಹೇಳ್ತಿಲ್ಲ. ನಾನು ನಾಲ್ಕನೇ ಕ್ಲಾಸಲ್ಲಿದ್ದಾಗ ಅಪ್ಪ ಒಂದು ಗಿಡ ತಂದು ಗೇಟಿನ ಬಲಕ್ಕೆ, ಕಾಂಪೌಂಡಿನಿಂದ ಮೂರಡಿ ಬಿಟ್ಟು ನೆಟ್ಟರು. ಅವತ್ತು ಅದು ನನ್ನ ಸೊಂಟದಷ್ಟಿತ್ತು. "ಗೇಟಿಗೆ ಒಂದು ಲಕ್ಷಣ ಬಂತು ಕಣೋ" ಅಂದಿದ್ದರು. ರಸ್ತೆ ಕಡೆಯ ಕರೆಂಟ್ ಲೈನು ಅದೇ ಕಾಂಪೌಂಡಿನ ಮೇಲೆ ಹಾದು ಹೋಗಿತ್ತು. ಅವತ್ತು ಯಾರೂ ತಲೆ ಎತ್ತಿ ನೋಡಲಿಲ್ಲ.

ನಾನು ಡಿಗ್ರಿ ಸೇರಿದ ವರ್ಷ ಮರ ಲೈನು ಮುಟ್ಟಿತು. ಗಾಳಿ ಬಂದಾಗಲೆಲ್ಲ ಕಿಡಿ, ಬೀದಿಗೆಲ್ಲ ಕರೆಂಟ್ ಹೋಗೋದು. ಅಪ್ಪ ಒಬ್ಬ ಆಳನ್ನ ಹಿಡಿದು ತಂದು ತುದಿಯಿಂದ ಆರಡಿ ಕಡಿಸಿದರು. ಸಮಸ್ಯೆ ಮುಗೀತು ಅಂದುಕೊಂಡ್ವಿ. ಡಿಗ್ರಿ ನಾನು ಅರ್ಧಕ್ಕೆ ಬಿಟ್ಟೆ, ಮರ ಬಿಡಲಿಲ್ಲ. ಕಡಿದ ಜಾಗದಿಂದ ಒಂದು ತುದಿ ಬದಲು ಎರಡು ತುದಿ ಎದ್ದವು. ನೋಡೋಕೆ ಕವಣೆಕೋಲಿನ ಹಾಗೆ. ನಾಲ್ಕನೇ ಮಳೆಗಾಲಕ್ಕೆ, ಜುಲೈ ತಿಂಗಳ ಒಂದು ರಾತ್ರಿ, ಎರಡರಲ್ಲಿ ಒಂದು ಸೀಳಿಕೊಂಡು ಪಕ್ಕದ ಮನೆಯ ಕಾರ್ ಶೆಡ್ ಮೇಲೆ ಬಿತ್ತು. ಶೀಟು ಒಡೆದು ಹೋಯ್ತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ದಿನಾ ಸಂಜೆ ಅದೇ ಶೆಡ್ಡಿನಲ್ಲಿ ಅವರ ಮೊಮ್ಮಗಳು ಸೈಕಲ್ ಹೊಡೀತಿದ್ದಳು.

ಶೀಟಿನ ದುಡ್ಡು ಅಪ್ಪ ಕೊಟ್ಟರು. ಪಕ್ಕದ ಮನೆ ಆಂಟಿ ಏನೂ ಅನ್ನಲಿಲ್ಲ. "ಹೋಗ್ಲಿ ಬಿಡಿ, ಗಿಡ ಅಲ್ವಾ" ಅಂದರು. ಅವರು ಹಾಗೆ ಅಂದಿದ್ದಕ್ಕೇ ಅಪ್ಪನಿಗೆ ಜಾಸ್ತಿ ಬೇಜಾರಾಯ್ತು. ಈಗ ಅನುಮತಿಗೆ ಅರ್ಜಿ ಕೊಟ್ಟು ಪೂರ್ತಿ ತೆಗೆಸೋಕೆ ಓಡಾಡ್ತಿದ್ದೀವಿ. ಹದಿನೈದು ವರ್ಷದ ಮರ. ಮೂರಡಿ ಬದಲು ಒಂದು ಒಳ್ಳೆ ಜಾಗ ಸಿಕ್ಕಿದ್ದರೆ ಇನ್ನೂ ನೂರು ವರ್ಷ ನಿಲ್ಲುತ್ತಿತ್ತು.

ಎಲ್ಲಿ ನೆಡಬಹುದು, ಎಲ್ಲಿ ಬೇಡ

30–40 ಸೈಟಿನಲ್ಲಿ ಮನೆ ಕಟ್ಟಿದ್ದರೆ ನೆಲಕ್ಕೆ ಹಾಕಲೇ ಬೇಡಿ. ಮನೆ ಕಟ್ಟಿ ಉಳಿದ ಜಾಗ ಈ ಮರಕ್ಕೆ ಸಾಲಲ್ಲ. ಕುಂಡದಲ್ಲಿ ಇಟ್ಟುಕೊಳ್ಳಿ, ಅದರ ವಿಷಯ ಕೆಳಗೆ ಇದೆ.

ಜಾಗ ಇರೋರು ಮನೆ ಗೋಡೆಯಿಂದ ಕಡಿಮೆ ಅಂದ್ರೂ ಇಪ್ಪತ್ತಡಿ ದೂರ ನೆಡಿ. ಕಾಂಪೌಂಡಿನಿಂದಲೂ ಹತ್ತಡಿ ಇರಲಿ, ಬುಡ ದಪ್ಪ ಆದಾಗ ಗೋಡೆಯನ್ನ ತಳ್ಳುತ್ತೆ. ಕೊಳವೆಬಾವಿ ಪೈಪು, ಸೆಪ್ಟಿಕ್ ಟ್ಯಾಂಕ್ ಹತ್ತಿರ ಬೇಡ. ಕರೆಂಟ್ ಲೈನು, ಕೇಬಲ್ ಕೆಳಗೆ ಬೇಡವೇ ಬೇಡ. ದಕ್ಷಿಣಕ್ಕೆ ಖಾಲಿ ಜಾಗ ಇದ್ದರೆ ಅದು ಒಳ್ಳೆಯದು. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳಬೇಕು. ದೊಡ್ಡ ಮರದ ನೆರಳಲ್ಲಿ ಒಂದು ಕಡೆ ರೆಂಬೆ ಬೋಳಾಗುತ್ತೆ, ಆಮೇಲೆ ಆ ಕಡೆ ತುಂಬಿಕೊಳ್ಳಲ್ಲ.

ತೋಟದ ಬಂಗಲೆ ಅಂಗಳ, ಶಾಲೆ ಮೈದಾನದ ಮೂಲೆ, ಚರ್ಚ್ ಆವರಣ, ದೊಡ್ಡ ಹೋಂಸ್ಟೇ ಇವೆಲ್ಲ ಈ ಮರಕ್ಕೆ ಸರಿಯಾದ ಜಾಗಗಳು. ಬೆಂಗಳೂರಿನ ಲಾಲ್‌ಬಾಗಿಗೆ ಹೋದರೆ ಹಳೇ ಅರೋಕೇರಿಯಾ ಮರಗಳನ್ನ ನೋಡಿ ಬನ್ನಿ. ಅವು ಎಷ್ಟೆತ್ತರ ಇವೆ ಅಂತ ಕಣ್ಣಾರೆ ಕಂಡ ಮೇಲೆ ಗೇಟಿನ ಪಕ್ಕ ನೆಡೋ ಮನಸ್ಸು ಬರಲ್ಲ. ಕಾಡಂಚಿನಲ್ಲಿ, ಶೋಲಾ ಪಕ್ಕ ಮಾತ್ರ ನೆಡಬೇಡಿ. ಅದು ನಮ್ಮ ಕಾಡಿನ ಮರ ಅಲ್ಲ.

ಯಾವಾಗ, ಹೇಗೆ ನೆಡೋದು

ನಮ್ಮ ಜಿಲ್ಲೆಯಲ್ಲಿ ಎರಡು ಹವಾಮಾನ ಇದೆ. ಕಡೂರು ಕಡೆಯ ಬಯಲುಸೀಮೆಯವರು ಜೂನ್ ಜುಲೈನಲ್ಲಿ ಮೊದಲ ಮಳೆ ನೋಡಿಕೊಂಡು ನೆಡಬಹುದು. ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯವರು ಜೋರು ಮಳೆ ಕಳೆದ ಮೇಲೆ, ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ನಲ್ಲಿ ನೆಡೋದು ಒಳ್ಳೆಯದು. ಎಳೇ ಬೇರು ದಿನಗಟ್ಟಲೆ ನೀರಲ್ಲಿ ನಿಂತರೆ ಕೊಳೆಯುತ್ತೆ.

ಗುಂಡಿ ಎರಡಡಿ ಅಗಲ, ಎರಡಡಿ ಆಳ ಸಾಕು. ತೆಗೆದ ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದೆರಡು ಬುಟ್ಟಿ, ಸ್ವಲ್ಪ ಮರಳು ಬೆರೆಸಿ. ಕಪ್ಪು ಮಣ್ಣಿನವರು ಮರಳು ಜಾಸ್ತಿ ಹಾಕಿ, ಬುಡವನ್ನ ಸುತ್ತಲಿನ ನೆಲಕ್ಕಿಂತ ನಾಲ್ಕು ಬೆರಳು ಎತ್ತರ ಮಾಡಿ. ತೋಟದವರು ಒಂದು ತಪ್ಪು ಮಾಡ್ತಾರೆ. ಪಲ್ಪರ್ ಪಕ್ಕ ರಾಶಿ ಬಿದ್ದಿರೋ ಹಸಿ ಕಾಫಿ ಸಿಪ್ಪೆ ತಂದು ಬುಡಕ್ಕೆ ಸುರೀತಾರೆ. ಅದು ಕೊಳೆಯೋವಾಗ ಬಿಸಿಯಾಗಿ ಬೇರು ಸುಡುತ್ತೆ. ಪೂರ್ತಿ ಕಳಿತ ಮೇಲೆ ಹಾಕಿದರೆ ಪರವಾಗಿಲ್ಲ.

ಕವರಿನಿಂದ ತೆಗೆಯೋವಾಗ ಮಣ್ಣಿನ ಹೆಂಟೆ ಒಡೆಯಬಾರದು. ಕವರಿನಲ್ಲಿ ಎಷ್ಟು ಆಳ ಇತ್ತೋ ನೆಲದಲ್ಲೂ ಅಷ್ಟೇ ಆಳ. ಮೊದಲ ವರ್ಷ ಒಂದು ಕೋಲು ಕೊಡಿ. ಕಟ್ಟೋಕೆ ತಂತಿ ಬೇಡ, ಹಳೇ ಬಟ್ಟೆ ಸಾಕು. ಗಿಡ ನಿಂತ ಮೇಲೆ ಕೋಲು ತೆಗೆದುಬಿಡಿ.

ಇನ್ನೊಂದು ಮುಖ್ಯ ವಿಷಯ. ಪಕ್ಕದ ರೆಂಬೆ ಮುರಿದು ತಂದು ನೆಟ್ಟು ಗಿಡ ಮಾಡ್ತೀನಿ ಅನ್ನೋರಿದ್ದಾರೆ. ಬೇರು ಬಂದರೂ ಅದು ರೆಂಬೆಯ ಹಾಗೆ ಅಡ್ಡವೇ ಬೆಳೆಯುತ್ತೆ, ಮೇಲೆ ಏಳಲ್ಲ. ನೆಟ್ಟಗಿನ ಮರ ಬೇಕು ಅಂದ್ರೆ ಬೀಜದ ಸಸಿ ಅಥವಾ ತುದಿಯ ಕಟಿಂಗ್‌ನಿಂದ ಆದ ಗಿಡವೇ ಬೇಕು. ಬೀಜ ಬೇಗ ಮೊಳಕೆ ಶಕ್ತಿ ಕಳೆದುಕೊಳ್ಳುತ್ತೆ, ಹಾಗಾಗಿ ಗಿಡ ಕೊಳ್ಳೋದೇ ಸುಲಭ. ಕೊಳ್ಳೋವಾಗ ಮಧ್ಯದ ತುದಿ ಮುರಿದಿಲ್ಲ, ಕೆಳಗಿನ ರೆಂಬೆಗಳು ಹಸಿರಾಗಿವೆ ಅಂತ ನೋಡಿ ತಗೊಳ್ಳಿ.

ನೀರು, ಗೊಬ್ಬರ

ನೆಲದ ಗಿಡಕ್ಕೆ ಮೊದಲ ಎರಡು ಬೇಸಿಗೆ ನೀರು ಬೇಕೇ ಬೇಕು. ವಾರಕ್ಕೆರಡು ಸಲ, ಬುಡ ಪೂರ್ತಿ ನೆನೆಯೋ ಹಾಗೆ ಕೊಡಿ. ದಿನಾ ಒಂದೊಂದು ಚೊಂಬು ಹಾಕಿದರೆ ಬೇರು ಮೇಲೇ ಉಳಿಯುತ್ತೆ. ಬುಡದ ಸುತ್ತ ಒಣ ತರಗು ಹಾಸಿ, ಆದರೆ ಕಾಂಡಕ್ಕೆ ತಾಗದ ಹಾಗೆ. ಮೂರನೇ ವರ್ಷದಿಂದ ಮಲೆನಾಡಿನಲ್ಲಿ ನೀರಿನ ಚಿಂತೆ ಇಲ್ಲ. ಬಯಲುಸೀಮೆಯವರು ಮಾರ್ಚ್‌ನಿಂದ ಮೇ ತನಕ ಆಗಾಗ ಕೊಡಬೇಕು.

ಗೊಬ್ಬರದ ಆಸೆ ಈ ಗಿಡಕ್ಕೆ ಕಡಿಮೆ. ಮಳೆಗಾಲಕ್ಕೆ ಮುಂಚೆ ಒಂದು ಸಲ, ಮಳೆ ಮುಗಿದ ಮೇಲೆ ಒಂದು ಸಲ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಕೊಟ್ಟರೆ ಸಾಕು. ಬೇಗ ಬೆಳೀಲಿ ಅಂತ ಯೂರಿಯಾ ಸುರಿಯಬೇಡಿ. ರೆಂಬೆ ಉದ್ದುದ್ದ ಬಂದು ಜೋತು ಬೀಳುತ್ತೆ.

ಕುಂಡದಲ್ಲಿ ಸಾಕೋರಿಗೆ

ಸಣ್ಣ ಮನೆಗೆ ಇದೇ ಸರಿ. ಕುಂಡದಲ್ಲಿ ಬೇರಿಗೆ ಜಾಗ ಇಲ್ಲದ್ದರಿಂದ ಗಿಡ ನಿಧಾನ ಬೆಳೆಯುತ್ತೆ, ವರ್ಷಕ್ಕೆ ಕೆಲವು ಇಂಚು ಅಷ್ಟೇ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಗೊಬ್ಬರ ಬೆರೆಸಿ. ಕುಂಡದ ತಳದಲ್ಲಿ ತೂತು ಇದೆಯಾ ಅಂತ ಮೊದಲು ನೋಡಿ.

ಮೇಲಿನ ಒಂದಿಂಚು ಮಣ್ಣು ಒಣಗಿದ್ದರೆ ಮಾತ್ರ ನೀರು. ಬೆರಳಿಟ್ಟು ನೋಡಿದರೆ ಗೊತ್ತಾಗುತ್ತೆ. ತಟ್ಟೆಯಲ್ಲಿ ನೀರು ನಿಲ್ಲಬಾರದು. ವಾರಕ್ಕೊಮ್ಮೆ ಕುಂಡವನ್ನ ಕಾಲು ಸುತ್ತು ತಿರುಗಿಸಿ, ಇಲ್ಲದಿದ್ದರೆ ಬೆಳಕಿನ ಕಡೆ ಬಾಗುತ್ತೆ. ಒಳಗೆ ಇಟ್ಟರೆ ಕಿಟಕಿ ಪಕ್ಕ ಇರಲಿ. ಹಾಲ್ ಮೂಲೆಯ ಕತ್ತಲಲ್ಲಿ ಕೆಲವೇ ತಿಂಗಳಲ್ಲಿ ಕೆಳಗಿನ ರೆಂಬೆಗಳು ಕಂದಾಗಿ ಉದುರುತ್ತವೆ. ಒಳಗಿದ್ದ ಗಿಡವನ್ನ ಒಂದೇ ದಿನಕ್ಕೆ ಬಿರುಬಿಸಿಲಿಗೆ ಇಡಬೇಡಿ. ಒಂದೆರಡು ವಾರ ಜಗಲಿ ನೆರಳಲ್ಲಿಟ್ಟು ಆಮೇಲೆ ಹೊರಗೆ ಇಡಿ.

ಮೂರ್ನಾಲ್ಕು ವರ್ಷಕ್ಕೊಮ್ಮೆ ಒಂದು ಸೈಜು ದೊಡ್ಡ ಕುಂಡಕ್ಕೆ ಬದಲಾಯಿಸಿ. ತಾರಸಿ ಮೇಲೆ ಇಟ್ಟಿದ್ದರೆ ಮಳೆಗಾಲದ ಗಾಳಿಗೆ ಉರುಳದ ಹಾಗೆ ಗೋಡೆ ಮೂಲೆಗೆ ಸೇರಿಸಿ. ನಿಮ್ಮಿಂದ ಎತ್ತೋಕೆ ಆಗದಷ್ಟು ದೊಡ್ಡದಾದ ದಿನ ಅದನ್ನ ಗೇಟಿನ ಪಕ್ಕ ಇಳಿಸೋ ಆಸೆ ಬರುತ್ತೆ. ಬೇಡ. ಜಾಗ ಇರೋ ಶಾಲೆಗೋ ತೋಟದವರಿಗೋ ಕೊಟ್ಟುಬಿಡಿ.

ಗೇಟಿಗೆ ಹಸಿರು ಕಂಬದ ಹಾಗೆ ಏನಾದರೂ ಬೇಕೇ ಬೇಕು ಅನ್ನೋರು ಥೂಜಾ ಹಾಕಿ. ಕತ್ತರಿಸಿದರೆ ಬೇಜಾರು ಮಾಡಿಕೊಳ್ಳದ ಗಿಡ ಅದು.

ಕತ್ತರಿ ಎಲ್ಲಿ ಆಡಿಸಬಹುದು?

ಒಣಗಿದ ರೆಂಬೆಗೆ ಮಾತ್ರ. ಕಾಂಡದ ಹತ್ತಿರ ಚೊಕ್ಕವಾಗಿ ಕತ್ತರಿಸಿ. ಕೆಳಗಿನ ಹಸಿರು ರೆಂಬೆಗಳನ್ನ "ಗುಡಿಸೋಕೆ ಅಡ್ಡ" ಅಂತ ತೆಗೆದರೆ ನಾರ್ಫೋಕ್ ಮರದಲ್ಲಿ ಆ ಜಾಗ ಹಾಗೇ ಬೋಳಾಗಿ ಉಳಿಯುತ್ತೆ.

ತುದಿ ಮಾತ್ರ ಮುಟ್ಟಲೇಬಾರದು. ಈ ಮರದ ಬೆಳವಣಿಗೆಯೆಲ್ಲ ಆ ಒಂದು ತುದಿಯಲ್ಲಿದೆ. ಅದು ಹೋದರೆ ಕಾಂಡದಿಂದ ಒಂದಕ್ಕಿಂತ ಹೆಚ್ಚು ಹೊಸ ತುದಿ ಏಳಬಹುದು. ಹಾಗೆ ಎದ್ದ ತುದಿಗಳಿಗೆ ಮೊದಲಿನ ಗಟ್ಟಿ ಬೆಸುಗೆ ಇರಲ್ಲ. ಪಟಸ್ತಂಭಕ್ಕೇ ಸಾಲದ ಮರ ಅಂದೆನಲ್ಲ, ಅಂಥದ್ದರ ಕವಲು ಗಾಳಿಗೆ ಹೇಗೆ ನಿಲ್ಲುತ್ತೆ? ಎಳೇ ಗಿಡದ ತುದಿ ಆಕಸ್ಮಿಕವಾಗಿ ಮುರಿದು ಎರಡು ಚಿಗುರು ಬಂದರೆ, ಚೆನ್ನಾಗಿರೋ ಒಂದನ್ನ ಉಳಿಸಿ ಇನ್ನೊಂದನ್ನ ಸಣ್ಣದಿರುವಾಗಲೇ ತೆಗೆದುಬಿಡಿ. ನಾವು ಇದನ್ನ ಮಾಡಿದ್ದರೂ ಶೀಟು ಉಳಿಯುತ್ತಿತ್ತು.

ಕಾಯಿಲೆ, ಹುಳ

ರೆಂಬೆ ತುದಿ ಕಂದಾದರೆ ನೀರು ಕಡಿಮೆ ಅಥವಾ ಒಣಗಾಳಿ ಜಾಸ್ತಿ ಅಂತ ಅರ್ಥ. ಇಡೀ ಗಿಡ ಹಳದಿ ಆಗಿ ಜೋತು ಬಿದ್ದರೆ ನೀರು ನಿಂತು ಬೇರು ಕೊಳೀತಿದೆ. ಮೊದಲು ನೀರು ನಿಲ್ಲಿಸಿ, ಕಾಲುವೆ ತೆಗೆಯಿರಿ.

ರೆಂಬೆ ಸಂದಿಯಲ್ಲಿ ಬಿಳಿ ಹತ್ತಿಯ ಹಾಗೆ ಕಂಡರೆ ಹಿಟ್ಟು ತಿಗಣೆ. ಜೊತೆಗೆ ಇರುವೆ ಸಾಲು, ಎಲೆ ಮೇಲೆ ಕಪ್ಪು ಮಸಿ ಇರುತ್ತೆ. ಜೋರು ನೀರಲ್ಲಿ ತೊಳೆದು, ಒಂದು ಲೀಟರ್ ನೀರಿಗೆ 5 ಎಂ.ಎಲ್. ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ. ವಾರ ಬಿಟ್ಟು ಇನ್ನೊಂದು ಸಲ. ಬೇಸಿಗೆಯಲ್ಲಿ ಎಲೆ ಮಂಕಾಗಿ ಸಣ್ಣ ಬಲೆ ಕಂಡರೆ ನುಸಿ. ಅದಕ್ಕೂ ಇದೇ ಮದ್ದು.

ಸೀರಿಯಲ್ ಸೆಟ್ ಹಾಕೋರಿಗೆ

ಎಲ್‌ಇಡಿ ದೀಪ ಹಾಕಿ, ಹಳೇ ಬಿಸಿ ಬಲ್ಬು ಬೇಡ. ರೆಂಬೆ ಮೆತ್ತಗಿನವು, ಭಾರದ ಗಂಟೆ ನಕ್ಷತ್ರ ತೂಗು ಹಾಕಬೇಡಿ. ಮೊಳೆ ಹೊಡೀಬೇಡಿ. ಹಬ್ಬ ಮುಗಿದ ಮೇಲೆ ವೈರು ಬಿಚ್ಚೋದು ಮರೀಬೇಡಿ. ಕಾಂಡಕ್ಕೆ ಸುತ್ತಿದ ವೈರು ಹಾಗೇ ಬಿಟ್ಟರೆ ಮರ ದಪ್ಪ ಆದ ಹಾಗೆ ತೊಗಟೆಯೊಳಗೆ ಹೂತು ಹೋಗಿ ಕುತ್ತಿಗೆ ಹಿಸುಕಿದ ಹಾಗಾಗುತ್ತೆ.

ಈಗಾಗಲೇ ಲೈನ್ ಹತ್ತಿರ ಮರ ಇದ್ದರೆ?

ನೀವೇ ಏಣಿ ಇಟ್ಟು ಕಡಿಯೋಕೆ ಹೋಗಬೇಡಿ. ಕೂಲಿಯವರನ್ನೂ ಹತ್ತಿಸಬೇಡಿ, ಹಸಿ ರೆಂಬೆ ತಂತಿಗೆ ತಾಗಿದರೆ ಕರೆಂಟ್ ಕೆಳಗೆ ಹರಿಯುತ್ತೆ. 1912ಕ್ಕೆ ಫೋನ್ ಮಾಡಿ ದೂರು ಬರೆಸಿ, ಲೈನ್ ಆಫ್ ಮಾಡಿಸಿಯೇ ಕೆಲಸ ಆಗಬೇಕು.

ಮರ ಪೂರ್ತಿ ತೆಗೆಸಬೇಕು ಅಂದ್ರೆ ನಿಮ್ಮ ಜಾಗದಲ್ಲಿದ್ದರೂ ಮೊದಲು ಅರಣ್ಯ ಇಲಾಖೆ ಕಚೇರಿಗೆ ಹೋಗಿ ಕೇಳಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಮರ ಕಡಿಯೋಕೆ ವೃಕ್ಷಾಧಿಕಾರಿ ಅನುಮತಿ ಬೇಕಾಗುತ್ತೆ. ಕೆಲವು ಜಾತಿಗೆ ವಿನಾಯಿತಿ ಇದೆ, ಅದನ್ನ ಅಲ್ಲೇ ಖಚಿತ ಮಾಡಿಕೊಳ್ಳಿ. ಅರ್ಜಿ ಜೊತೆ ಮರದ ಫೋಟೋ, ಲೈನು ಅಥವಾ ಮನೆ ಎಷ್ಟು ಹತ್ತಿರ ಇದೆ ಅಂತ ತೋರಿಸೋ ಫೋಟೋ ಇದ್ದರೆ ವಿವರಿಸೋದು ಸುಲಭ.

ಲೈನಿನಿಂದ ದೂರ ಇರೋ, ಬರೀ ವಾಲಿದ ಕುಕ್ ಮರ ನೋಡಿ ಹೆದರಿ ಕಡಿಸಬೇಡಿ. ವಾಲೋದು ಅದರ ಗುಣ. ಬುಡದ ಮಣ್ಣು ಬಿರುಕು ಬಿಟ್ಟಿದೆಯಾ, ಬೇರು ಮೇಲೆದ್ದಿದೆಯಾ, ಈ ವರ್ಷ ಇದ್ದಕ್ಕಿದ್ದ ಹಾಗೆ ಜಾಸ್ತಿ ವಾಲಿದೆಯಾ ನೋಡಿ. ಇವು ಇದ್ದರೆ ಮಾತ್ರ ಅಪಾಯ.

ಈ ಡಿಸೆಂಬರ್‌ನಲ್ಲಿ ಗಿಡ ತರೋರು ತನ್ನಿ, ಚೆಂದದ ಗಿಡ ಅದು. ಗುದ್ದಲಿ ಹಿಡಿಯೋ ಮುಂಚೆ ಮಾತ್ರ ನೆಡೋ ಜಾಗದಲ್ಲಿ ನಿಂತು ಒಂದ್ಸಲ ತಲೆ ಎತ್ತಿ ನೋಡಿ. ಮೇಲೆ ಆಕಾಶ ಕಂಡರೆ ನೆಡಿ. ತಂತಿ ಕಂಡರೆ, ಪಕ್ಕದ ಮನೆ ಸೂರು ಕಂಡರೆ, ಕುಂಡದಲ್ಲೇ ಇರಲಿ.